ಮೂರರ ಮೇಲೆ ಕೋಲು ನೆಟ್ಟ ವರ್ಷ

ಮೊನ್ನೆ ಅಂಕೋಲೆಯಿಂದ ಕಾರವಾರದ ಬಸ್ಸು ಹತ್ತಿದಾಗ ಮಳೆ ಹಿಡಿದು ಬಡಿಯುತ್ತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒಳಗೆ ಒದ್ದೆ ಕೊಡೆ, ಒದ್ದೆ ರೆಕ್ಸಿನ್ ಸೀಟು, ಯಾರದೋ ಬುಟ್ಟಿಯ ಒಣಮೀನು, ಎಲ್ಲ ಸೇರಿ ಒಂದೇ ವಾಸನೆ. ಕಂಡಕ್ಟರ್ ಬಿಣಗಾ ಎಂದು ಕೂಗುವ ಮೊದಲೇ ನನ್ನ ಮೈಗೆ ಬಿಣಗಾ ಬಂದದ್ದು ಗೊತ್ತಾಯಿತು. ಈ ವಾಸನೆಯಲ್ಲಿ ಕೂತು ಒಂದು ಇಡೀ ವರ್ಷ ಬೆಳಂಬಾರಕ್ಕೂ ಬಿಣಗಾಕ್ಕೂ ಓಡಾಡಿದವಳು ನಾನು. ಹೆದ್ದಾರಿ ಪಕ್ಕದ ಆ ಹೈಸ್ಕೂಲಿನ ಗೇಟು ಕಣ್ಣಿಗೆ ಬಿದ್ದದ್ದೇ ತಡ, ಎದೆಯೊಳಗೆ ಸಿಟ್ಟು ಭುಗಿಲೆಂದಿತು. ವರ್ಷ ಕಳೆದಂತೆ ಎಲ್ಲ ತಣ್ಣಗಾಗುತ್ತದೆ ಎಂದು ಜನ ಹೇಳುತ್ತಾರೆ. ನನ್ನದು ಆಗಿಲ್ಲ, ಆಗುವುದೂ ಬೇಡ.

ಆ ವರ್ಷ ನಾನು ಅಲ್ಲಿ ಗಣಿತದ ಅತಿಥಿ ಶಿಕ್ಷಕಿ. ಅತಿಥಿ ಎಂಬ ಮಾತು ಕೇಳಲು ಚೆಂದ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ. ಮತ್ತೆ ಕರೆಯುವುದು ಬಿಡುವುದು ಹೆಡ್‌ಮಾಸ್ತರರ ಬಾಯಿಮಾತಿಗೆ ಬಿಟ್ಟದ್ದು. ಅವರು ಕಾರವಾರದವರು, ಮನೆಮಾತು ಕೊಂಕಣಿ, ನನ್ನನ್ನು ಅಕ್ಕ ಎಂಬಂತೆ 'ಬಾಯಿ' ಎಂದು ಕರೆಯುತ್ತಿದ್ದರು, ಕೆಟ್ಟವರೇನಲ್ಲ. ಮಳೆ ಜೋರಾದರೆ ನನ್ನನ್ನು ಬೇಗ ಬಸ್ಸಿಗೆ ಕಳಿಸುತ್ತಿದ್ದರು. ಆದರೆ ಅವರಿಗೆ ಒಂದೇ ಒಂದು ಹುಚ್ಚಿತ್ತು: ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಬರಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಪಾಠ ಹೇಳುವುದಲ್ಲ, ಜರಡಿ ಹಿಡಿಯುವುದು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫೇಲಾದವರ ಅಪ್ಪನನ್ನೋ ಅಮ್ಮನನ್ನೋ ಕರೆಸಿ, 'ಮಗುವಿಗೆ ಹುಷಾರಿಲ್ಲ, ಈ ವರ್ಷ ಕೂರುವುದಿಲ್ಲ' ಎಂದು ಬರೆಸಿಕೊಳ್ಳುತ್ತಿದ್ದರು. ಅಲ್ಲಿಗೆ ಮುಗಿಯಿತು. ಫೇಲಾಗುವವರೇ ಪರೀಕ್ಷೆಗೆ ಕೂರದಿದ್ದರೆ ಫೇಲಾಗುವವರು ಯಾರು?

ನನಗೆ ಕೊಟ್ಟದ್ದು ಹತ್ತನೆಯ ಬಿ. ಎ ವಿಭಾಗದವರು ಕಾರವಾರಕ್ಕೆ ಟ್ಯೂಷನ್‌ಗೆ ಹೋಗುವವರು. ಬಿ ಎಂದರೆ ಎಲ್ಲರೂ ಕೈಬಿಟ್ಟ ಮಕ್ಕಳು. ಕೋಣೆಯ ಹಂಚಿನ ಸಂದಿಯಿಂದ ನೀರು ಸೋರುತ್ತಿತ್ತು, ಬೆಂಚುಗಳನ್ನು ಒಣಗಿದ ಕಡೆಗೆ ಎಳೆದೆಳೆದು ಮಕ್ಕಳೆಲ್ಲ ಕೊನೆಗೆ ಒಂದು ಮೂಲೆಯಲ್ಲಿ ಗುಂಪಾಗಿ ಕೂರುತ್ತಿದ್ದರು. ಜುಲೈ ತಿಂಗಳಿಡೀ ಮಳೆಗೆ ರಜೆಯೋ ರಜೆ. ಪಾಠ ಹಿಂದೆ ಬಿತ್ತು. ಭಾನುವಾರ ಬರುತ್ತೀರಾ ಎಂದೆ. ಬರುವುದಿಲ್ಲ ಎಂದುಕೊಂಡಿದ್ದೆ, ಎಲ್ಲರೂ ಬಂದರು.

ಅವರಲ್ಲಿ ನಾಗವೇಣಿ ಒಬ್ಬಳು. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು, ಮನೆ ಹೆದ್ದಾರಿ ಪಕ್ಕದ ಕಾಲೊನಿಯಲ್ಲಿ. ಕಾಮಾಲೆಯಾಗಿ ಒಂದು ವರ್ಷ ಕಳೆದುಕೊಂಡಿದ್ದಳು. ಇನ್ನೊಂದು ವರ್ಷ ಹೋದರೆ ಓದು ಸಾಕು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರಂತೆ. ಅವಳಿಗೋ ಐಟಿಐಗೆ ಸೇರಿ ಎಲೆಕ್ಟ್ರಿಷಿಯನ್ ಆಗಬೇಕು, ನೌಕಾನೆಲೆಯಲ್ಲಿ ಕೆಲಸ ಹಿಡಿಯಬೇಕು. ಕಾಲೊನಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಸ್ಕ್ರೂಡ್ರೈವರ್ ಹಿಡಿದು ಹೋಗುವವಳು ಅವಳೇ. ಹತ್ತನೆಯದು ಪಾಸಾಗದೆ ಐಟಿಐ ಬಾಗಿಲು ತೆರೆಯುವುದಿಲ್ಲ. ಗಣಿತ ಅವಳಿಗೆ ಅಷ್ಟಕ್ಕಷ್ಟೆ. ಬಾಯಿ ಮಾತ್ರ ಜೋರು.

ಆಗಸ್ಟ್‌ನಲ್ಲಿ ಭಾಗಲಬ್ಧ ಸಮೀಕರಣ ಶುರುಮಾಡಿದೆ. ಭಿನ್ನರಾಶಿಯ ಕೆಳಗೂ x ಇರುವ ಲೆಕ್ಕಗಳು. ಕೆಳಗಿನದು ಸೊನ್ನೆಯಾದರೆ ಲೆಕ್ಕವೇ ಬಿದ್ದುಹೋಗುತ್ತದೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಆದ್ದರಿಂದ x ಯಾವ ಬೆಲೆ ಪಡೆಯಕೂಡದು ಎಂದು ಮೊದಲೇ ನೋಡಿಕೊಳ್ಳಬೇಕು, ಆಮೇಲೆ ಬಿಡಿಸಬೇಕು, ಬಂದ ಉತ್ತರ ಆ ಕೂಡದ ಬೆಲೆಯೇ ಆಗಿದ್ದರೆ ಬಿಡಬೇಕು. ಇಷ್ಟೇ. ಇದನ್ನು ಪುಸ್ತಕದ ಭಾಷೆಯಲ್ಲಿ ಹೇಳಿದೆ. ಮಕ್ಕಳು ನನ್ನ ಮುಖವನ್ನೇ ನೋಡಿದರು, ಕಣ್ಣು ಮಿಟುಕಿಸಲಿಲ್ಲ.

ಆಗ ನನಗೆ ನಮ್ಮೂರಿನ ಬಳಚು ಹೆಕ್ಕುವ ಹೆಂಗಸರ ನೆನಪಾಯಿತು. ಗದ್ದೆ ಕೆಲಸ ಇಲ್ಲದ ದಿನಗಳಲ್ಲಿ ನಮ್ಮ ಕಡೆಯ ಹೆಂಗಸರು ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಹೊಳೆ ಕಡಲು ಸೇರುವ ಅಳಿವೆಗೆ ಹೋಗಿ, ಮಂಡಿಯುದ್ದದ ನೀರಿನಲ್ಲಿ ಮರಳು ಕೆದಕಿ ತಿನ್ನುವ ಬಳಚಿನ ಚಿಪ್ಪುಗಳನ್ನು ಹೆಕ್ಕಿ ತರುತ್ತಾರೆ. ಮಳೆಗಾಲ ಕಳೆದ ಮೇಲೆ ಅಳಿವೆಯ ತಳ ನಂಬುವಂತಿರುವುದಿಲ್ಲ, ಹೋದ ವರ್ಷ ಗಟ್ಟಿ ಇದ್ದಲ್ಲಿ ಈ ವರ್ಷ ಗುಂಡಿ. ಅದಕ್ಕೇ, ಎಲ್ಲರಿಗಿಂತ ಮೊದಲು ಇಳಿದವಳು ಬಳಚಿಗೆ ಕೈ ಹಾಕುವಂತಿಲ್ಲ. ಕಾಲಲ್ಲಿ ತಡವುತ್ತ ಹೋಗಿ ಗುಂಡಿ ಇದ್ದ ಕಡೆಯೆಲ್ಲ ಕೋಲು ನೆಟ್ಟು ಬರಬೇಕು. ಆಮೇಲೆ ಉಳಿದವರು. ಚಿಕ್ಕಂದಿನಲ್ಲಿ ನಾನು ಅವಸರಕ್ಕೆ ಮೊದಲೇ ಇಳಿದಾಗ ಸಣ್ಣಮ್ಮಿ ಅತ್ತೆ ಜಡೆ ಹಿಡಿದು ಎಳೆದಿದ್ದರು. "ಕೋಲ್ ನೆಡೂಕಿಂತ ಮುಂಚೆ ಇಳಿತ್ಯಾ? ಗುಂಡಿಗೆ ಬಿದ್ರೆ ನಿನ್ನ ಹುಡ್ಕೂಕೆ ಬಳಚು ಬತ್ತದ್ಯಾ?"

ಇದನ್ನೇ ಹೇಳಿದೆ. ಕೆಳಗೆ x−3 ಇದ್ದರೆ ಗುಂಡಿ ಎಲ್ಲಿ? ಮೂರರಲ್ಲಿ. ಸರಿ, ಮೂರರ ಮೇಲೆ ಕೋಲು ನೆಡಿ. ಆಮೇಲೆ ಇಳಿಯಿರಿ. ತರಗತಿಯಲ್ಲಿ ಒಮ್ಮೆಲೇ ಜೀವ ಬಂತು. ಅಂದಿನಿಂದ ನಮ್ಮ ಬಿ ವಿಭಾಗದಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ನಾನು ಬೋರ್ಡಿನ ಮೇಲೆ ಸಮೀಕರಣ ಬರೆದು ತಿರುಗುವುದರೊಳಗೆ "ಕೋಲು! ಕೋಲು!" ಎಂದು ಕೂಗುತ್ತಿದ್ದರು. ಪಕ್ಕದ ಕೋಣೆಯ ಸಮಾಜ ವಿಜ್ಞಾನದ ಮಾಸ್ತರರು ಬಂದು ಇಣುಕಿದ್ದೂ ಉಂಟು, ಯಾರಿಗೆ ಹೊಡೆಯುತ್ತಿದ್ದೀರಿ ಎಂದು.

ನಾಗವೇಣಿಗೆ ಮಾತ್ರ ಸಮಾಧಾನ ಇಲ್ಲ. "ಅಕ್ಕೋರೆ, ಇಷ್ಟೊತ್ತು ಬಡ್ಕಂಡು ಬಿಡಿಸ್ದೆ. ಉತ್ತರ ಬಂತು. ಈಗ ಅದ್ನ ಬಿಸಾಡೂದು ಅಂದ್ರೆ ಎಂತಾ ನ್ಯಾಯ?"

"ಉತ್ತರ ಅಂತ ಯಾರು ಹೇಳಿದ್ದು? ಹಾಕಿ ನೋಡು."

ಹಾಕಿ ನೋಡಿದಳು. ಕೆಳಗೆ ಸೊನ್ನೆ. ಮತ್ತೊಮ್ಮೆ ಹಾಕಿದಳು, ಮತ್ತೂ ಸೊನ್ನೆ. ಪೆನ್ನು ಕೆಳಗಿಟ್ಟು, "ವಯರಿಂಗ್ ಎಲ್ಲ ಮಾಡಿ ಆಯ್ತು, ಮೇನ್ ಹಾಕ್ದ್ರೆ ಫ್ಯೂಸೇ ಹೋಯ್ತು ಅಂದಂಗೆ" ಎಂದಳು. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಶಭಾಷ್ ಎಂದೆ.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಸುತ್ತಲಿನ ನಾಲ್ಕಾರು ಶಾಲೆಯವರು ಸೇರಿ ನಡೆಸುತ್ತಿದ್ದರು, ಒಬ್ಬರ ಶಾಲೆಯ ಪೇಪರು ಇನ್ನೊಬ್ಬರು ತಿದ್ದುವುದು. ಗಣಿತದ ಪ್ರಶ್ನೆಪತ್ರಿಕೆಯನ್ನೂ ಸರಿಯುತ್ತರದ ಹಾಳೆಯನ್ನೂ ತಯಾರಿಸಿದವರು ಆ ಶಾಲೆಗಳಲ್ಲೊಂದರ ಮಾಸ್ತರು ವಸಂತ ಸರ್. ಕಾರವಾರದಲ್ಲಿ ಅವರ ಟ್ಯೂಷನ್ ಎಂದರೆ ಹೆಸರುವಾಸಿ, ಸಂಜೆ ಅವರ ಮನೆ ಮುಂದೆ ಚಪ್ಪಲಿ ಇಡಲು ಜಾಗ ಇರುವುದಿಲ್ಲ. ಅವರ ವಿಧಾನ ಊರಿಗೆಲ್ಲ ಬಾಯಿಪಾಠ: ಅಡ್ಡ ಗುಣಿಸು, ಬಿಡಿಸು, ಉತ್ತರದ ಸುತ್ತ ಡಬ್ಬಿ ಹಾಕು. ಹಾಕಿ ನೋಡುವುದು ಎಂಬುದು ಅವರ ಪ್ರಕಾರ ಸಮಯ ದಂಡ.

ಮೂರು ಅಂಕದ ಒಂದು ಪ್ರಶ್ನೆ ಹೀಗಿತ್ತು: x/(x−3) = 3/(x−3) + 2. ಎರಡೂ ಕಡೆ x−3ರಿಂದ ಗುಣಿಸಿದರೆ x = 3 + 2x − 6. ಅಂದರೆ x = 3. ಡಬ್ಬಿ ಹಾಕು, ಮುಗಿಯಿತು. ಸರಿಯುತ್ತರದ ಹಾಳೆಯಲ್ಲಿ ಇದ್ದದ್ದೂ ಅದೇ. ಆದರೆ ಮೂರನ್ನು ಹಾಕಿದರೆ ಕೆಳಗೆ ಸೊನ್ನೆ. ಆ ಸಮೀಕರಣಕ್ಕೆ ಪರಿಹಾರವೇ ಇಲ್ಲ. ಯಾವುದೋ ಹಳೆಯ ಪ್ರಶ್ನೆಯ ಅಂಕೆ ಬದಲಿಸುವಾಗ ವಸಂತ ಸರ್ ತಮಗೇ ಗೊತ್ತಿಲ್ಲದೆ ಗುಂಡಿಯ ಮೇಲೆ ಉತ್ತರ ಇಟ್ಟಿದ್ದರು.

ಪೇಪರು ತಿದ್ದಿ ಬಂದವು. ಬಿ ವಿಭಾಗದಲ್ಲಿ ಆ ಲೆಕ್ಕ ಮುಟ್ಟಿದವರೇ ಕೆಲವರು, ಅವರಿಗೆಲ್ಲ ಸೊನ್ನೆ. ಆದರೂ ಹೇಗೋ ಏನೋ ಎಲ್ಲರೂ ಪಾಸಾಗಿದ್ದರು, ನಾಗವೇಣಿ ಒಬ್ಬಳನ್ನು ಬಿಟ್ಟು. ಅವಳಿಗೆ ಎರಡು ಅಂಕ ಕಮ್ಮಿ. ಪೇಪರು ತಿರುವಿ ನೋಡಿದೆ. ಆ ಲೆಕ್ಕದ ಮೊದಲ ಸಾಲಿನಲ್ಲಿ ದೊಡ್ಡದಾಗಿ ಬರೆದಿದ್ದಳು: 'ಕೋಲು: 3ರ ಮೇಲೆ'. ಕೆಳಗೆ ಹಂತ ಹಂತವಾಗಿ ಬಿಡಿಸಿ, ಕೊನೆಗೆ 'ಕೋಲಿನ ಮೇಲೇ ಬಂತು. ಆದ್ದರಿಂದ ಉತ್ತರ ಇಲ್ಲ'. ಅಯ್ಯೋ ಹುಡುಗಿ! ಪರೀಕ್ಷೆಯಲ್ಲಿ ಹಾಗೆ ಬರೆಯಬಾರದು, x ≠ 3 ಎಂದು ಬರೆಯಬೇಕು ಎಂದು ನಾನು ಗಂಟಲು ಹರಿದುಕೊಂಡು ಹೇಳಿದ್ದೆ. ತಿದ್ದಿದ ವಸಂತ ಸರ್ 'ಕೋಲು' ಎಂಬ ಮಾತಿಗೆ ಸುತ್ತು ಹಾಕಿ, ಪಕ್ಕದಲ್ಲಿ 'ಇದೆಂಥ ಗಣಿತ?' ಎಂದು ಬರೆದಿದ್ದರು. ಕೆಳಗೆ ಸೊನ್ನೆ, ಅದಕ್ಕೆ ಎರಡು ಗೆರೆ.

ಹೆಡ್‌ಮಾಸ್ತರರ ಕೋಣೆಗೆ ಹೋದೆ.

"ಸರ್, ನಾಗವೇಣಿಯದು ಸರಿ ಇದೆ. ಸರಿಯುತ್ತರದ ಹಾಳೆಯೇ ತಪ್ಪು."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಅರೆ ಬಾಯಿ, ವಸಂತ ಮಾಸ್ತರರಿಗೆ ತಪ್ಪಾಗೂದಾ? ಅವರತ್ರ ಕಲ್ತವ್ರು ಇಂಜಿನಿಯರ್ ಆಗಿದ್ದಾರೆ. ಕೋಲು ಗೀಲು ಅಂತೆಲ್ಲ ಪೇಪರಲ್ಲಿ ಬರ್ದ್ರೆ ನಗೂದಿಲ್ವಾ ಜನ?"

"ನಗಲಿ. ಮೂರು ಹಾಕಿದರೆ ಕೆಳಗೆ ಸೊನ್ನೆ ಬರ್ತದೆ."

"ಸೊನ್ನೆ ಬರ್ತದೋ ಒಂದು ಬರ್ತದೋ, ಹಾಳೆಯಲ್ಲಿ ಇದ್ದದ್ದು ಆಯ್ತು. ನಾಳೆ ಅವಳ ಅಪ್ಪನ ಕರ್ಸ್ತೆ. ನೀವು ಗೆಸ್ಟ್, ಬಾಯಿ. ನಿಮ್ಗೆ ಎಂತಕ್ಕೆ ಈ ಉಸಾಬರಿ?"

ನಾಗವೇಣಿಯನ್ನು ಕರೆದುಕೊಂಡು ಅಂದು ಸಂಜೆಯೇ ಕಾರವಾರಕ್ಕೆ, ವಸಂತ ಸರ್ ಮನೆಗೆ ಹೋದೆ. ಆಟೋದಿಂದ ಇಳಿದರೆ ಚಪ್ಪಲಿ ರಾಶಿ. ಜಗಲಿಯಲ್ಲಿ ಮಕ್ಕಳು ಒತ್ತೊತ್ತಾಗಿ ಕೂತಿದ್ದರು, ಫ್ಯಾನು ಗಿರಗಿರ ತಿರುಗುತ್ತಿತ್ತು. ಸರ್ ನಮ್ಮನ್ನು ನಿಂತೇ ಮಾತಾಡಿಸಿದರು. ನಾನು ಲೆಕ್ಕ ತೋರಿಸಿದೆ. ಅವರು ನೋಡಿದರು. ಒಂದು ಕ್ಷಣ, ಒಂದೇ ಕ್ಷಣ, ಅವರ ಕಣ್ಣು ಆ ಸಾಲಿನ ಮೇಲೆ ನಿಂತಿತು. ಅವರಿಗೆ ಗೊತ್ತಾಯಿತು. ನಾನು ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣ ಅವರಿಗೆ ಗೊತ್ತಾಯಿತು. ಆದರೆ ಹಿಂದೆ ಅಷ್ಟೊಂದು ಮಕ್ಕಳು ಕೂತಿದ್ದಾರೆ, ಆ ಎಲ್ಲರ ಪೇಪರಿನಲ್ಲೂ ಮೂರಕ್ಕೆ ಡಬ್ಬಿ ಬಿದ್ದಿದೆ, ಪೂರ್ತಿ ಅಂಕ ಸಿಕ್ಕಿದೆ.

"ನೋಡಿ ಅಕ್ಕೋರೆ," ಎಂದು ದನಿ ತಗ್ಗಿಸಿದರು. "ಹುಡುಗಿ ಬಡವರ ಮನೆಯದು, ನಂಗೂ ಅರ್ಥ ಆಗ್ತದೆ. ಎರಡು ಅಂಕ ಬೇಕಲ್ದಾ? ಗ್ರೇಸ್ ಅಂತ ಕೊಟ್ಟುಬಿಡ್ತೆ. ಪಾಸಾಗ್ತಾಳೆ. ಈ ಲೆಕ್ಕದ ಸುದ್ದಿ ಇಲ್ಲಿಗೇ ಬಿಡಿ."

ನನ್ನ ನಾಲಿಗೆ ತುದಿಗೆ 'ಆಯ್ತು ಸರ್' ಬಂದುಬಿಟ್ಟಿತ್ತು. ಹುಡುಗಿಗೆ ಪರೀಕ್ಷೆಗೆ ಕೂರಲು ಸಿಕ್ಕರೆ ಸಾಕಲ್ಲ, ನನ್ನ ಹಟ ಗಂಟು ಕಟ್ಟಿ ಯಾರು ಉಣ್ಣಬೇಕು? ಅಷ್ಟರಲ್ಲಿ ಪಕ್ಕದಿಂದ ನಾಗವೇಣಿಯ ದನಿ.

"ಬ್ಯಾಡ ಸರ್."

ಜಗಲಿಯ ಮಕ್ಕಳೆಲ್ಲ ತಲೆಯೆತ್ತಿದರು.

"ತಪ್ಪಾದ್ರೆ ಸೊನ್ನೆ ಇರ್ಲಿ. ಸರಿಯಾದ್ರೆ ಮೂರು ಕೊಡಿ. ಎರಡು ಎಂತಕ್ಕೆ ಸರ್? ಎರಡು ಯಾವ ಲೆಕ್ಕ?"

ಸರ್ ಮುಖ ಕೆಂಪಾಯಿತು. ಎಷ್ಟು ಧೈರ್ಯ ನಿನಗೆ ಎಂದರು, ಇದೇನಾ ನೀವು ಕಲಿಸುವುದು ಎಂದು ನನ್ನನ್ನು ಕೇಳಿದರು. ಹೌದು ಸರ್, ಇದೇ, ಎಂದೆ. ಗೇಟಿನ ಹತ್ತಿರ ಬಂದಾಗ ಹಿಂದೆ ಜಗಲಿಯಲ್ಲಿ ಒಂದು ಹುಡುಗಿ ಪಕ್ಕದವಳಿಗೆ "ಏ, ಕೆಳ್ಗೆ ಸೊನ್ನೆ ಬರ್ತದಲೇ" ಎನ್ನುವುದು ಕೇಳಿಸಿತು. ಸರ್ ಮೇಜು ಕುಟ್ಟಿದ್ದೂ ಕೇಳಿಸಿತು.

ವಾಪಸು ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹೆದರಿಕೆ ಹತ್ತಿತು. ಎಂಥ ಕೆಲಸ ಮಾಡಿದೆ ಮಾರಾಯ್ತಿ, ಸಿಕ್ಕಿದ್ದನ್ನು ಬಿಟ್ಟೆಯಲ್ಲ, ಎಂದು ಅವಳನ್ನು ಬೈದೆ. ಅವಳೂ ಅಳುತ್ತಿದ್ದಳು. ಮೂಗು ಒರೆಸಿಕೊಳ್ಳುತ್ತ, "ನಂಗೆ ಬಂದದ್ದು ಅದೊಂದೇ ಲೆಕ್ಕ ಅಕ್ಕೋರೆ, ಉಳಿದದ್ದೆಲ್ಲ ಅಂದಾಜಿಗೆ ಬರ್ದದ್ದು. ಅದ್ನೇ ತಪ್ಪು ಅಂದ್ರೆ ನಂಗೆ ಗಣಿತ ಬರ್ತದೆ ಅಂತ ಹ್ಯಾಗೆ ನಂಬೂದು?" ಎಂದಳು. ಅವಳನ್ನು ಬಿಣಗಾದಲ್ಲಿ ಇಳಿಸಿ ಬೆಳಂಬಾರ ಮುಟ್ಟುವವರೆಗೆ ಅದೇ ಮಾತು ತಲೆಯಲ್ಲಿ. ಹೆದರಿಕೆ ಹೋಗಿ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಒಳ್ಳೆಯದೇ, ಬುದ್ಧಿ ಚುರುಕಾಗುತ್ತದೆ.

ಮರುದಿನ ಬೆಳಿಗ್ಗೆ ಅವಳ ಅಪ್ಪ ಹೆಡ್‌ಮಾಸ್ತರರ ಕೋಣೆಯಲ್ಲಿ ಪಾಳಿ ಮುಗಿಸಿದ ಬಟ್ಟೆಯಲ್ಲೇ ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲಿ ನಾಗವೇಣಿ. ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು. ಅಪ್ಪನಿಗೆ ಏನು ಬರೆಯಬೇಕು ಎಂದು ಹೆಡ್‌ಮಾಸ್ತರರು ಆಗಲೇ ಹೇಳಿಕೊಡುತ್ತಿದ್ದರು. ನಾನು ಕೇಳದೇ ಒಳಗೆ ಹೋದೆ. ಅವಳ ಪೇಪರನ್ನು ಮೇಜಿನ ಮೇಲಿಟ್ಟು, ಕೆಂಪು ಪೆನ್ನು ತೆಗೆದು, ಸೊನ್ನೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಮೂರು ಬರೆದೆ. ಮೊತ್ತ ತಿದ್ದಿದೆ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

"ಎಂತಾ ಮಾಡ್ತಿದ್ದೀರಿ ಬಾಯಿ! ಯಾರು ನಿಮ್ಗೆ ಅಧಿಕಾರ ಕೊಟ್ಟದ್ದು?"

"ಯಾರೂ ಕೊಟ್ಟಿಲ್ಲ ಸರ್. ಈಗ ನೀವು ನೋಡಿ. ನೀವೂ ವಿಜ್ಞಾನ ಓದಿದವರು. ಮೂರನ್ನು ಹಾಕಿ. ಸರಿಯಾಗಿ ಬಂದರೆ ನನ್ನ ಅಂಕ ಹೊಡೆದುಹಾಕಿ, ಮೂರೇ ಉತ್ತರ ಎಂದು ಬರೆದು ನಿಮ್ಮ ಸಹಿ ಮಾಡಿ. ಆಮೇಲೆ ಇವರ ಕೈಲಿ ಏನು ಬೇಕಾದರೂ ಬರೆಸಿಕೊಳ್ಳಿ. ನಾನು ಈಗಲೇ ಮನೆಗೆ ಹೋಗ್ತೇನೆ."

ಹೆಡ್‌ಮಾಸ್ತರರು ಪೆನ್ನು ಎತ್ತಿಕೊಂಡರು. ಅಪ್ಪನಿಗೆಂದು ಇಟ್ಟಿದ್ದ ಬಿಳಿ ಹಾಳೆಯ ಮೇಲೇ ಸಮೀಕರಣ ಬರೆದರು. x ಇದ್ದಲ್ಲೆಲ್ಲ 3 ಹಾಕಿದರು. ಮೂರು, ಗೆರೆ, ಕೆಳಗೆ ಮೂರು ಕಳೆ ಮೂರು. ಸೊನ್ನೆ ಬರೆದರು. ಸಮ ಚಿಹ್ನೆಯ ಆಚೆಗೂ ಅದೇ. ಮತ್ತೆ ಮುಂದೆ ಬರೆಯಲು ಅವರಿಗೆ ಏನೂ ಸಿಗಲಿಲ್ಲ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು, ಅಲ್ಲೊಂದು ಶಾಯಿಯ ಚುಕ್ಕೆ ಅಗಲವಾಯಿತು.

ವಸಂತ ಸರ್ ಹೇಳಿದ್ದೇ ಸರಿ ಎನ್ನುವುದು ಬೇರೆ, ಅದರ ಕೆಳಗೆ ತನ್ನ ಹೆಸರು ಬರೆಯುವುದು ಬೇರೆ. ಹೆಡ್‌ಮಾಸ್ತರರು ಪೆನ್ನಿಗೆ ಟೋಪಿ ಹಾಕಿದರು. ಹಾಳೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರು.

"ಹೋಗಿ, ಕೆಲ್ಸಕ್ಕೆ ಹೊತ್ತಾಗ್ತದೆ ನಿಮ್ಗೆ," ಎಂದು ನಾಗವೇಣಿಯ ಅಪ್ಪನಿಗೆ ಹೇಳಿದರು. ಆತ ಪಾಳಿ ಮುಗಿಸಿ ಬಂದದ್ದು ಅವರಿಗೆ ಹೊಳೆಯಲಿಲ್ಲ. ಏನಾಯಿತೆಂದೇ ತಿಳಿಯದ ಅಪ್ಪ ನನ್ನ ಮುಖ ನೋಡಿ, "ಮಗು ಪರೀಕ್ಷೆ ಬರೀತದ್ಯಾ ಅಕ್ಕೋರೆ?" ಎಂದು ಕೇಳಿದರು. ಬರೀತಾಳೆ ಎಂದೆ. ಅವರು ಹೋದ ಮೇಲೆ ಹೆಡ್‌ಮಾಸ್ತರರು ನನ್ನ ಕಡೆ ನೋಡದೆ ಹೇಳಿದರು: "ನಾಳೆಯಿಂದ ಬರೂದು ಬೇಡ ಬಾಯಿ. ಪಾಠ ಎಲ್ಲ ಮುಗ್ದದ್ಯಲ್ಲ."

ಪಾಠ ಮುಗಿದಿರಲಿಲ್ಲ. ಶಾಲೆಗೆ ಬರಬೇಡಿ ಎಂದರು, ಬಿಣಗಾಕ್ಕೆ ಬರಬೇಡಿ ಎನ್ನಲು ಅವರು ಯಾರು? ಪರೀಕ್ಷೆಯವರೆಗೆ ದಿನಾ ಸಂಜೆ ಅದೇ ಬಸ್ಸು ಹತ್ತಿ ಹೋದೆ. ಕಾಲೊನಿಯಲ್ಲಿ ನಾಗವೇಣಿಯ ಮನೆಯ ಮುಂದೆ ಅವಳ ಅಮ್ಮ ಚಾಪೆ ಹಾಸುತ್ತಿದ್ದರು, ಇಡೀ ಬಿ ವಿಭಾಗ ಬಂದು ಕೂರುತ್ತಿತ್ತು. ನಾಗವೇಣಿಯೇ ವಯರ್ ಎಳೆದು ಬಲ್ಬು ಹಾಕಿದ್ದಳು. ಸೆಕೆಗೆ ಬೆವರು ಇಳಿಯುತ್ತಿತ್ತು, ಸೊಳ್ಳೆ ಕಡಿಯುತ್ತಿದ್ದವು. ವೃತ್ತ, ತ್ರಿಕೋನ, ಸಂಭವನೀಯತೆ, ಎಲ್ಲ ಅಲ್ಲೇ ಮುಗಿಸಿದೆವು. ಅಂದಾಜಿಗೆ ಬರೆದರೆ ಕಿವಿ ಹಿಂಡುತ್ತೇನೆ ಎಂದಿದ್ದೆ. ಹಿಂಡಿದ್ದೂ ಉಂಟು. ಮುಂದಿನ ಜೂನ್‌ನಲ್ಲಿ ಆ ಶಾಲೆ ನನ್ನನ್ನು ಕರೆಯಲಿಲ್ಲ, ನಾನು ಕೇಳಲೂ ಇಲ್ಲ. ವಸಂತ ಸರ್ ತಪ್ಪೊಪ್ಪಿಕೊಂಡರೆಂದು ಇವತ್ತಿನವರೆಗೂ ನನಗೆ ಯಾರೂ ಹೇಳಿಲ್ಲ.

ಫಲಿತಾಂಶದ ದಿನ ನಾನು ಬೆಳಂಬಾರದ ಮನೆಯಲ್ಲಿ ಈರುಳ್ಳಿ ಜಡೆ ಹೆಣೆಯುತ್ತಿದ್ದ ಅಮ್ಮನ ಪಕ್ಕ ಕೂತಿದ್ದೆ. ಮಧ್ಯಾಹ್ನ ಫೋನು ಬಂತು. ಆ ಕಡೆ ಗಲಾಟೆ, ಯಾರೋ ಕೂಗುತ್ತಿದ್ದರು, ಯಾರೋ ನಗುತ್ತಿದ್ದರು.

"ಪಾಸು ಅಕ್ಕೋರೆ!"

"ಗಣಿತದಲ್ಲಿ ಎಷ್ಟೇ?"

ಹೇಳಿದಳು. ಹೇಳಿಕೊಳ್ಳುವಂಥ ಅಂಕವೇನಲ್ಲ, ಎ ವಿಭಾಗದವರು ಕೇಳಿದ್ದರೆ ನಗುತ್ತಿದ್ದರು. ಪರವಾಗಿಲ್ಲ ಎನ್ನಲು ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು.

"ಕಮ್ಮಿ ಅಂತ ಬೈಬೇಡಿ ಅಕ್ಕೋರೆ. ಅಷ್ಟೂ ನಂದೇ."